ಮೊದಲ ಕಾದಂಬರಿ ಮೂರನೆಯ ಅಧ್ಯಾಯದಲ್ಲೇ ನಿಂತಿದೆ: ಮುಂದೆ ಹೋಗುವುದೇ, ಹಿಂದಿರುಗಿ ತಿದ್ದುವುದೇ?

ಪ್ರಶ್ನೆ

ಕಳೆದ 14 ತಿಂಗಳಿಂದ ನಾನು ಒಂದು ಕಾದಂಬರಿಯನ್ನು ಬರೆಯುತ್ತಿದ್ದೇನೆ. ಸರಿಯಾಗಿ ಹೇಳಬೇಕೆಂದರೆ, ಒಂದು ಕಾದಂಬರಿಯ ಮೊದಲ ಮೂರು ಅಧ್ಯಾಯಗಳನ್ನು ಮತ್ತೆ ಮತ್ತೆ ಬರೆಯುತ್ತಿದ್ದೇನೆ. ಇದಕ್ಕೂ ಮೊದಲು ಏಳೆಂಟು ಸಣ್ಣ ಕತೆಗಳನ್ನು ಬರೆದಿದ್ದೆ. ಕತೆ ಬರೆಯುವಾಗ ಮೊದಲಿನಿಂದ ಕೊನೆಯವರೆಗಿನ ಎಲ್ಲವೂ ಮನಸ್ಸಿನಲ್ಲಿ ಒಟ್ಟಿಗೆ ನಿಲ್ಲುತ್ತಿತ್ತು, ಎರಡು ಮೂರು ವಾರಗಳಲ್ಲಿ ಮುಗಿಯುತ್ತಿತ್ತು, ಮುಗಿದದ್ದನ್ನು ಒಂದೇ ಸಂಜೆಯಲ್ಲಿ ಓದಿ ಎಲ್ಲಿ ಸಡಿಲವಾಗಿದೆ ಎಂದು ಹೇಳಬಹುದಾಗಿತ್ತು. ಕಾದಂಬರಿ ಹಾಗೆ ಹಿಡಿತಕ್ಕೆ ಸಿಗುತ್ತಿಲ್ಲ. ನಲವತ್ತನೆಯ ಪುಟದಲ್ಲಿ ನಿಂತು ಹತ್ತನೆಯ ಪುಟದ ಬಗ್ಗೆ ಅನುಮಾನ ಬಂದರೆ, ಇಡೀ ಕಟ್ಟಡವೇ ಅಲುಗಾಡಿದಂತೆ ಅನಿಸುತ್ತದೆ.

ವಸ್ತು ಹೀಗಿದೆ. ಅಕ್ಕ ಮತ್ತು ತಮ್ಮ ಒಂದು ಜಗಳದ ನಂತರ 11 ವರ್ಷ ಮಾತು ಬಿಟ್ಟಿದ್ದಾರೆ. ತಂದೆ ಹಾಸಿಗೆ ಹಿಡಿದಾಗ ಇಬ್ಬರೂ ಅದೇ ಹಳೆಯ ಮನೆಯಲ್ಲಿ ಕೆಲವು ವಾರ ಒಟ್ಟಿಗಿರಬೇಕಾಗುತ್ತದೆ. ಮೊದಲ ಅಧ್ಯಾಯದಲ್ಲಿ ಅಕ್ಕ ರಾತ್ರಿಯ ಬಸ್ಸಿನಲ್ಲಿ ಪ್ರಯಾಣ ಮಾಡುತ್ತಾ ಹಿಂದಿನದನ್ನೆಲ್ಲ ನೆನೆಯುತ್ತಾಳೆ. ಎರಡನೆಯದರಲ್ಲಿ ಅವಳ ಬಾಲ್ಯವಿದೆ, ಜಗಳದ ಕಾರಣವೂ ಅಲ್ಲೇ ಬರುತ್ತದೆ. ಮೂರನೆಯ ಅಧ್ಯಾಯದ ಕೊನೆಗೆ ಅವಳು ಮನೆಯ ಬಾಗಿಲು ತಟ್ಟುತ್ತಾಳೆ, ತಮ್ಮ ಬಾಗಿಲು ತೆರೆಯುತ್ತಾನೆ. ಕೊನೆಯ ಅಧ್ಯಾಯ ಹೇಗಿರಬೇಕೆಂಬುದೂ ನನಗೆ ಗೊತ್ತಿದೆ. ಇವೆರಡರ ನಡುವೆ ಇರಬೇಕಾದ ಸುಮಾರು 200 ಪುಟಗಳಲ್ಲಿ ಏನಾಗುತ್ತದೆ ಎಂಬುದು ಮಾತ್ರ ತಿಳಿಯದು.

ದಿನವೂ ಬರೆಯಲು ಕುಳಿತಾಗ ಮೊದಲ ಪುಟದಿಂದ ಓದಲು ಆರಂಭಿಸುತ್ತೇನೆ. ಒಂದು ವಾಕ್ಯ ಸರಿಯಿಲ್ಲ ಎನಿಸುತ್ತದೆ, ಅದನ್ನು ತಿದ್ದುತ್ತೇನೆ, ಅದು ಪಕ್ಕದ ವಾಕ್ಯವನ್ನು ಕೆಡಿಸುತ್ತದೆ. ಮೂರನೆಯ ಅಧ್ಯಾಯ ತಲುಪುವ ಹೊತ್ತಿಗೆ ಆ ದಿನದ ಶಕ್ತಿಯೆಲ್ಲ ಮುಗಿದಿರುತ್ತದೆ. ಪ್ರಥಮ ಪುರುಷದಲ್ಲಿ (‘ಅವಳು’ ಎಂದು) ಬರೆದದ್ದನ್ನು ಉತ್ತಮ ಪುರುಷಕ್ಕೆ (‘ನಾನು’ ಎಂದು) ಬದಲಿಸಿ, ಮತ್ತೆ ಮೊದಲಿನಂತೆಯೇ ಮಾಡಿದ್ದೇನೆ. ನಡುವೆ ಒಮ್ಮೆ 30 ಅಧ್ಯಾಯಗಳ ವಿವರವಾದ ನಕ್ಷೆಯನ್ನೂ ಸಿದ್ಧಪಡಿಸಿದೆ, ಆದರೆ ಅದನ್ನು ಬರೆದು ಮುಗಿಸಿದ ಮರುದಿನದಿಂದಲೇ ಕಾದಂಬರಿಯ ಮೇಲಿನ ಆಸಕ್ತಿ ಬತ್ತಿಹೋದಂತಾಗಿ ಅದನ್ನು ಬದಿಗಿಟ್ಟೆ.

ನನ್ನ ಪ್ರಶ್ನೆ ಇಷ್ಟು: ಆರಂಭ ಸರಿಯಾಗಿಲ್ಲ ಎಂದು ಗೊತ್ತಿದ್ದೂ ಮುಂದೆ ಬರೆಯುತ್ತಾ ಹೋಗಬೇಕೇ, ಅಥವಾ ಅಡಿಪಾಯ ಗಟ್ಟಿಯಾಗುವವರೆಗೆ ಅಲ್ಲೇ ನಿಲ್ಲಬೇಕೇ? ಬರೆದಷ್ಟನ್ನು ಈಗಲೇ ಯಾರಿಗಾದರೂ ತೋರಿಸುವುದು ಒಳ್ಳೆಯದೇ ಎಂಬುದನ್ನೂ ತಿಳಿಯಬೇಕಾಗಿದೆ.

ಉತ್ತರ 1

ಮುಂದೆ ಹೋಗಿ. ನಾನು ಎರಡು ಕಾದಂಬರಿಗಳನ್ನು ಬರೆದು ಮುಗಿಸಿದ್ದೇನೆ, ಮೊದಲನೆಯದಕ್ಕೆ ನಾಲ್ಕು ವರ್ಷ ಹಿಡಿಯಿತು, ಅದರಲ್ಲಿ ಒಂದೂವರೆ ವರ್ಷ ನೀವು ಈಗ ಇರುವ ಜಾಗದಲ್ಲೇ ಕಳೆಯಿತು. ಮೊದಲ ಅಧ್ಯಾಯವನ್ನು 19 ಸಲ ಬರೆದಿದ್ದೆ. ಪುಸ್ತಕ ಪೂರ್ತಿಯಾದ ಮೇಲೆ ನೋಡಿದರೆ ಆ ಅಧ್ಯಾಯದ ಅಗತ್ಯವೇ ಇರಲಿಲ್ಲ, ಅದರಲ್ಲಿದ್ದ ಒಂದೂವರೆ ಪುಟ ಮಾತ್ರ ಏಳನೆಯ ಅಧ್ಯಾಯದಲ್ಲಿ ಜಾಗ ಪಡೆಯಿತು. ಇದನ್ನು ಮೊದಲೇ ತಿಳಿಯುವ ದಾರಿ ನನಗಿರಲಿಲ್ಲ, ಏಕೆಂದರೆ ಆರಂಭ ಯಾವುದಕ್ಕೆ ಆರಂಭ ಎಂಬುದು ಕೊನೆಯನ್ನು ಬರೆದ ಮೇಲೆಯೇ ತಿಳಿಯುತ್ತದೆ.

ಬರೆಯುವ ಮನಸ್ಸು ಮತ್ತು ತಿದ್ದುವ ಮನಸ್ಸು ಒಂದೇ ಹೊತ್ತಿನಲ್ಲಿ ಕೆಲಸ ಮಾಡಲಾರವು, ಮಾಡಿದರೆ ಯಾವಾಗಲೂ ತಿದ್ದುವ ಮನಸ್ಸೇ ಗೆಲ್ಲುತ್ತದೆ. ಅದರ ಮುಂದೆ ಈಗಾಗಲೇ ಪುಟಗಳಿರುತ್ತವೆ, ಬರೆಯುವ ಮನಸ್ಸಿನ ಮುಂದೆ ಖಾಲಿ ಜಾಗವಷ್ಟೇ ಇರುತ್ತದೆ. ಆದ್ದರಿಂದ ಮೊದಲ ಪುಟದಿಂದ ಓದುವ ಅಭ್ಯಾಸವನ್ನು ಇಂದೇ ನಿಲ್ಲಿಸಿ. ನಿನ್ನೆ ಬರೆದ ಕೊನೆಯ ಪುಟವನ್ನು ಮಾತ್ರ ಓದಿ, ಕೈ ಹಾಕದೆ ಓದಿ, ಮುಂದುವರಿಸಿ. ಹಿಂದಿನ ಅಧ್ಯಾಯದಲ್ಲಿ ಏನನ್ನಾದರೂ ಬದಲಿಸಬೇಕು ಎಂದು ಹೊಳೆದರೆ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಮತ್ತು ಆ ಬದಲಾವಣೆ ಈಗಾಗಲೇ ಆಗಿದೆ ಎಂದು ಭಾವಿಸಿ ಮುಂದಿನ ಪುಟವನ್ನು ಬರೆಯಿರಿ. ನನ್ನ ಎರಡನೆಯ ಕಾದಂಬರಿಯ ಮೊದಲ ಕರಡಿನಲ್ಲಿ ಒಂದು ಪಾತ್ರ 90ನೆಯ ಪುಟದವರೆಗೆ ಶಿಕ್ಷಕ, ಅಲ್ಲಿಂದಾಚೆಗೆ ಮರಗೆಲಸದವನು. ಕರಡು ಮುಗಿದ ಮೇಲೆ ಆ 90 ಪುಟಗಳನ್ನು ಸರಿಪಡಿಸಲು ಎರಡು ವಾರ ಸಾಕಾಯಿತು. ನಡುವೆಯೇ ಹಿಂದಿರುಗಿದ್ದರೆ ಇನ್ನೂ ಅಲ್ಲೇ ಇರುತ್ತಿದ್ದೆನೇನೋ.

ದಿನದ ಕೆಲಸವನ್ನು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೂ ಮಹತ್ವವಿದೆ. ಮುಂದೇನಾಗುತ್ತದೆ ಎಂಬುದು ಗೊತ್ತಿರುವಾಗಲೇ ನಿಲ್ಲಿಸುವುದು ತನ್ನ ಪದ್ಧತಿ ಎಂದು ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಹೇಳಿದ್ದಾರೆ. ದೃಶ್ಯವನ್ನು ಪೂರ್ತಿ ಮುಗಿಸಿ ಎದ್ದರೆ ಮರುದಿನ ಬರಿಗೈಯಲ್ಲಿ ಕೂರಬೇಕಾಗುತ್ತದೆ, ಅರ್ಧ ಸಂಭಾಷಣೆಯಲ್ಲಿ ಎದ್ದರೆ ಮರುದಿನದ ಮೊದಲ ವಾಕ್ಯ ಕಾಯುತ್ತಾ ಇರುತ್ತದೆ.

ಪ್ರಮಾಣದ ಬಗ್ಗೆಯೂ ಒಂದು ಮಾತು. ದಿನಕ್ಕೆ 300 ಪದಗಳಂತೆ ವಾರಕ್ಕೆ ಐದು ದಿನ ಬರೆದರೆ ವರ್ಷಕ್ಕೆ 78,000 ಪದಗಳಾಗುತ್ತವೆ, ಅದು ಸಾಧಾರಣ ಗಾತ್ರದ ಒಂದು ಕಾದಂಬರಿ. ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಟ್ರೋಲೋಪ್ ಅಂಚೆ ಇಲಾಖೆಯ ನೌಕರಿಯಲ್ಲಿದ್ದಾಗಲೂ ಬೆಳಗಿನ ಜಾವ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲುಗಂಟೆಗೆ 250 ಪದಗಳಂತೆ ಬರೆಯುತ್ತಿದ್ದರು. ಅಷ್ಟು ವೇಗ ನಮಗೆ ಬೇಕಿಲ್ಲ, ಆದರೆ ನೌಕರಿಯ ನಡುವೆಯೂ ನಿಯತವಾದ ಒಂದು ಹೊತ್ತು ಇದ್ದುದರಿಂದಲೇ ಅವರಿಗೆ ಅಷ್ಟು ಬರೆಯಲು ಸಾಧ್ಯವಾಯಿತು ಎಂಬುದನ್ನು ಗಮನಿಸಿ. ವೇಗವನ್ನು ಇತರರೊಂದಿಗೆ ಹೋಲಿಸಲೂಬೇಡಿ. ದಸ್ತಯೇವ್‌ಸ್ಕಿ 1866ರಲ್ಲಿ ‘ಜೂಜುಕೋರ’ ಕಾದಂಬರಿಯನ್ನು ಶೀಘ್ರಲಿಪಿಗಾರ್ತಿಗೆ ಹೇಳಿ ಬರೆಸಿ 26 ದಿನಗಳಲ್ಲಿ ಮುಗಿಸಿದರು ಎಂಬುದನ್ನು ಎಲ್ಲರೂ ಹೇಳುತ್ತಾರೆ, ಆದರೆ ಆ ವಸ್ತು 1863ರಲ್ಲೇ ಅವರ ಮನಸ್ಸಿಗೆ ಬಂದಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಫ್ರಾನ್ಸಿನ ಫ್ಲೋಬೇರ್ 1851ರಲ್ಲಿ ಆರಂಭಿಸಿದ ‘ಮದಾಮ್ ಬೊವರಿ’ ಕಾದಂಬರಿ 1856ರಲ್ಲಿ ಮುಗಿಯಿತು. ಓದುಗರಿಗೆ ಈ ಎರಡು ಲೆಕ್ಕಗಳೂ ಬೇಕಾಗಿಲ್ಲ.

ಯಾರಿಗೂ ಈಗಲೇ ತೋರಿಸಬೇಡಿ. ಹೊಗಳಿದರೆ ಆ ಮೂರು ಅಧ್ಯಾಯಗಳನ್ನು ಮುಟ್ಟಲು ಭಯವಾಗುತ್ತದೆ, ತೆಗಳಿದರೆ ನಾಲ್ಕನೆಯದನ್ನು ಬರೆಯಲು ಭಯವಾಗುತ್ತದೆ.

ಉತ್ತರ 2

ಮೇಲಿನ ಉತ್ತರದ ಬಹುಪಾಲನ್ನು ಒಪ್ಪುತ್ತೇನೆ, ಆದರೆ ಈ ಪ್ರಶ್ನೆಗೆ ಅದು ಸಾಲದು ಎಂದು ನನಗೆ ತೋರುತ್ತದೆ. ಎಲ್ಲ ಸಂದರ್ಭದಲ್ಲೂ ತಿದ್ದುವ ಚಟವೇ ರೋಗವಾಗಿರುವುದಿಲ್ಲ. ಕೆಲವೊಮ್ಮೆ ಬರೆಯುವವರಿಗೆ ಏನೋ ತಪ್ಪಿದೆ ಎಂಬುದು ಒಳಗೊಳಗೇ ಗೊತ್ತಿರುತ್ತದೆ, ಆ ತಪ್ಪು ಎಲ್ಲಿದೆ ಎಂಬುದು ತಿಳಿಯದೆ ಕೈಗೆ ಸಿಕ್ಕ ವಾಕ್ಯಗಳನ್ನು ತಿದ್ದುತ್ತಾ ಕೂರುತ್ತಾರೆ. ನಿಮ್ಮ ವಿಷಯದಲ್ಲಿ ತಪ್ಪು ವಾಕ್ಯಗಳಲ್ಲಿಲ್ಲ ಎಂದು ನನ್ನ ಊಹೆ.

ನೀವು ಕೊಟ್ಟ ವಸ್ತುವಿನ ವಿವರವನ್ನು ಮೂರು ಸಲ ಓದಿದೆ. ಜಗಳ ಏಕಾಯಿತು ಎಂಬುದು ನಿಮಗೆ ಗೊತ್ತಿದೆ, ಅಕ್ಕ ಏನನ್ನೆಲ್ಲ ನೆನೆಯುತ್ತಾಳೆ ಎಂಬುದು ಗೊತ್ತಿದೆ. ಅವಳಿಗೆ ಈಗ, ಈ ಕೆಲವು ವಾರಗಳಲ್ಲಿ, ಆ ಮನೆಯಲ್ಲಿ ಏನು ಬೇಕಾಗಿದೆ ಎಂಬುದರ ಬಗ್ಗೆ ಒಂದು ಮಾತೂ ಇಲ್ಲ. ತಂದೆ ಕಣ್ಮುಚ್ಚುವ ಮೊದಲು ಅವರ ಬಾಯಿಂದ ಒಂದು ಮಾತು ಕೇಳಬೇಕಾಗಿದೆಯೇ? ತಮ್ಮನು ತಪ್ಪೊಪ್ಪಿಕೊಳ್ಳಬೇಕೆಂದಿದೆಯೇ? ಅಥವಾ ತಮ್ಮನಿಗೆ ಎದುರಾಗದೆ ಕರ್ತವ್ಯ ಮುಗಿಸಿ ಬೇಗ ಹೊರಟುಬಿಡಬೇಕೆಂದಿದೆಯೇ? ಇವು ಮೂರು ಬೇರೆ ಬೇರೆ ಕಾದಂಬರಿಗಳು. ಮೂರನೆಯದಾದರೆ, ಮನೆಯ ಒಂದೊಂದು ಕೋಣೆಯೂ ಅವಳ ಪಾಲಿಗೆ ತಮ್ಮನಿರುವ ಕೋಣೆ ಅಥವಾ ತಮ್ಮನಿಲ್ಲದ ಕೋಣೆಯಾಗುತ್ತದೆ. ತಂದೆಯ ಔಷಧದ ವೇಳೆಗಳು ಅವಳ ದಿನವನ್ನು ಕಟ್ಟಿಹಾಕುತ್ತವೆ. ಒಂದು ರಾತ್ರಿ ತಂದೆಯನ್ನು ಎತ್ತಿ ಕೂರಿಸಲು ಇಬ್ಬರ ಕೈಗಳೂ ಬೇಕಾಗುತ್ತವೆ. ನೋಡಿ, ಏನು ಬೇಕು ಎಂಬುದನ್ನು ಇಷ್ಟು ನಿರ್ಧರಿಸಿದ ಕೂಡಲೇ ದೃಶ್ಯಗಳು ತಾವಾಗಿಯೇ ಬರತೊಡಗುತ್ತವೆ. ನಿಮಗೆ ಕಾಣದಿರುವ ಆ 200 ಪುಟಗಳು ಇರುವುದು ಇಲ್ಲಿಯೇ.

ಇದೇ ಕಾರಣಕ್ಕೆ ನಿಮ್ಮ 30 ಅಧ್ಯಾಯಗಳ ನಕ್ಷೆ ಬತ್ತಿಹೋಗಿರಬೇಕು. ನಕ್ಷೆ ಮಾಡುವುದೇ ತಪ್ಪೆಂದು ನಾನು ಹೇಳಲಾರೆ, ನಾನೂ ಮಾಡುತ್ತೇನೆ. ಆದರೆ ಅದನ್ನು ಪರೀಕ್ಷಿಸಲು ಒಂದು ಉಪಾಯವಿದೆ: ನಡುವಿನ ಯಾವುದಾದರೂ ಒಂದು ಅಧ್ಯಾಯವನ್ನು ಹೊಡೆದುಹಾಕಿ, ಅದರ ಮುಂದಿನದು ಏನೂ ಆಗಿಲ್ಲವೆಂಬಂತೆ ನಿಂತೇ ಇರುತ್ತದೆಯೇ ಎಂದು ನೋಡಿ. ನಿಂತಿದ್ದರೆ ಆ ಎರಡು ಅಧ್ಯಾಯಗಳ ನಡುವೆ ಸಂಬಂಧವೇ ಇರಲಿಲ್ಲ, ಅಕ್ಕಪಕ್ಕದಲ್ಲಿ ಇದ್ದವು ಅಷ್ಟೆ. ಘಟನೆಗಳ ಪಟ್ಟಿಯನ್ನು ಬರೆದಾಗ ಮನಸ್ಸಿಗೆ ಬೇಸರ ಬರುವುದು ಸಹಜ, ಏಕೆಂದರೆ ಅಲ್ಲಿ ಯಾರೂ ಯಾವುದಕ್ಕಾಗಿಯೂ ಹೆಣಗುತ್ತಿರುವುದಿಲ್ಲ.

ಇನ್ನು ಆರಂಭದ ವಿಷಯ. ನೀವು ವಿವರಿಸಿದ ಮೂರು ಅಧ್ಯಾಯಗಳಲ್ಲಿ ವರ್ತಮಾನದಲ್ಲಿ ನಡೆಯುವ ಘಟನೆ ಒಂದೇ ಒಂದು: ತಮ್ಮ ಬಾಗಿಲು ತೆರೆಯುವುದು. ಅದಕ್ಕೆ ಮೊದಲಿನದೆಲ್ಲ ನಿಮಗೆ ನೀವೇ ಹೇಳಿಕೊಂಡ ಹಿನ್ನೆಲೆ. ಅದು ವ್ಯರ್ಥವಾಗಿಲ್ಲ, ಅದನ್ನು ಬರೆಯದಿದ್ದರೆ ನಿಮಗೆ ಈ ಇಬ್ಬರ ಪರಿಚಯವೇ ಆಗುತ್ತಿರಲಿಲ್ಲ. ಆದರೆ ಓದುಗನಿಗೆ ಅದು ಈಗಲೇ ಬೇಕೇ? ಬಾಗಿಲು ತೆರೆದ ತಮ್ಮನು ಅಕ್ಕನ ಮುಖ ನೋಡದೆ ಅವಳ ಚೀಲದತ್ತ ನೋಡಿದರೆ, ಇವರಿಬ್ಬರ ನಡುವೆ ಏನಾಗಿತ್ತು ಎಂಬ ಪ್ರಶ್ನೆ ಓದುಗನಲ್ಲಿ ಹುಟ್ಟುತ್ತದೆ. ಜಗಳದ ಕಾರಣವನ್ನು ಎರಡನೆಯ ಅಧ್ಯಾಯದಲ್ಲೇ ಕೊಟ್ಟುಬಿಟ್ಟರೆ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಂದುಬಿಡುತ್ತದೆ.

ಎಲ್ಲಿಂದ ಆರಂಭಿಸಬೇಕು ಎಂಬ ಗೊಂದಲ ಹೊಸಬರಿಗಷ್ಟೇ ಬರುವುದೆಂದು ಭಾವಿಸಬೇಡಿ. ಟಾಲ್‌ಸ್ಟಾಯ್ ಗಡೀಪಾರಿನಿಂದ 1856ರಲ್ಲಿ ಮರಳಿ ಬರುವ ಒಬ್ಬ ಮುದುಕನ ಕತೆಯನ್ನು ಬರೆಯಹೊರಟರು. ಅವನನ್ನು ಅರಿಯಲು ಅವನು ತ್ಸಾರ್ ವಿರುದ್ಧದ ಬಂಡಾಯದಲ್ಲಿ ಪಾಲ್ಗೊಂಡ 1825ಕ್ಕೆ ಹೋಗಬೇಕಾಯಿತು, ಅಲ್ಲಿಂದ ಅವನ ಯೌವನದ 1812ಕ್ಕೆ, ಅಲ್ಲಿಂದ 1805ಕ್ಕೆ. ಕೊನೆಗೆ ‘ಯುದ್ಧ ಮತ್ತು ಶಾಂತಿ’ ಆರಂಭವಾಗುವುದು 1805ರಲ್ಲಿ. ಮೊದಲು ಬರೆಯಹೊರಟಿದ್ದ ಆ ಮುದುಕನ ಮರಳುವಿಕೆ ಮುಗಿದ ಪುಸ್ತಕದಲ್ಲಿ ಬರುವುದೇ ಇಲ್ಲ. ಅವರು ಹಿಂದೆ ಹೋಗಿದ್ದು ಅಲ್ಲೊಂದು ಇಡೀ ಜಗತ್ತೇ ನಡೆಯುತ್ತಿತ್ತು ಎಂಬುದು ಕಂಡದ್ದರಿಂದ. ನಿಮ್ಮ ಹಿಂದಿನ ಕಾಲದಲ್ಲಿ ಅಂಥ ಸೆಳೆತವಿದ್ದರೆ ಧೈರ್ಯವಾಗಿ ಅಲ್ಲಿಗೇ ಹೋಗಿ, ಕಾದಂಬರಿಯನ್ನು ಬಾಲ್ಯದಲ್ಲೇ ನಡೆಸಿ. ನಿಮ್ಮ ಮಾತಿನ ಧಾಟಿಯನ್ನು ನೋಡಿದರೆ ನಿಮ್ಮ ಜೀವವಿರುವುದು ಆ ಬಾಗಿಲಿನ ಆಚೆಗೆ ಎಂದು ನನಗನಿಸುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಒಂದು ವಾರ ಏನನ್ನೂ ಬರೆಯಬೇಡಿ, ತಿದ್ದಲೂಬೇಡಿ. ಅಕ್ಕನಿಗೆ ಏನು ಬೇಕು, ತಮ್ಮನಿಗೆ ಏನು ಬೇಕು, ಇಬ್ಬರಿಗೂ ಅದು ಒಟ್ಟಿಗೆ ಸಿಗುವುದು ಏಕೆ ಸಾಧ್ಯವಿಲ್ಲ ಎಂಬುದನ್ನು ಮಾತ್ರ ಯೋಚಿಸಿ. ಬಳಿಕ ಬಾಗಿಲಿನಿಂದ ಆರಂಭಿಸಿ.

ಉತ್ತರ 3

ನಿರೂಪಣೆಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಅದೊಂದನ್ನು ಸೇರಿಸುತ್ತೇನೆ. ಉತ್ತಮ ಪುರುಷವೋ ಪ್ರಥಮ ಪುರುಷವೋ ಎಂಬುದನ್ನು ಆರಂಭದ ಅಧ್ಯಾಯವನ್ನು ಬರೆದು ನೋಡಿ ನಿರ್ಧರಿಸಲಾಗದು, ಏಕೆಂದರೆ ಒಬ್ಬಳೇ ಬಸ್ಸಿನಲ್ಲಿ ಕುಳಿತು ನೆನೆಯುವ ದೃಶ್ಯ ಎರಡರಲ್ಲೂ ಚೆನ್ನಾಗಿಯೇ ಬರುತ್ತದೆ. ಕಾದಂಬರಿಯ ಅತ್ಯಂತ ಕಠಿಣವಾದ ದೃಶ್ಯವನ್ನು ಆರಿಸಿಕೊಂಡು ಅದನ್ನು ಎರಡು ರೀತಿಯಲ್ಲೂ ಬರೆಯಿರಿ. ತಮ್ಮನೊಬ್ಬನೇ ತಂದೆಯ ಪಕ್ಕದಲ್ಲಿ ಕುಳಿತಿರುವ ದೃಶ್ಯ ನಿಮಗೆ ಬೇಕೇಬೇಕು ಎಂದಾದರೆ, ಅಕ್ಕ ‘ನಾನು’ ಎಂದು ಹೇಳುವ ಕಾದಂಬರಿಯಲ್ಲಿ ಅದಕ್ಕೆ ಜಾಗವಿಲ್ಲ. ಅವಳು ಬಾಗಿಲ ಸಂದಿಯಿಂದ ನೋಡಬೇಕು ಅಥವಾ ಯಾರಿಂದಲೋ ಕೇಳಬೇಕು. ಆ ಕೊರತೆಯೇ ನಿಮ್ಮ ಕಾದಂಬರಿಗೆ ಬಲವಾಗಲೂಬಹುದು, ತಮ್ಮನ ಮನಸ್ಸು ಅವಳಿಗೆ ಮುಚ್ಚಿದ ಹಾಗೆಯೇ ಓದುಗನಿಗೂ ಮುಚ್ಚಿರುತ್ತದೆ. ‘ನಾನು’ ಎನ್ನುವುದಾದರೆ ಅವಳು ಇದನ್ನೆಲ್ಲ ಯಾವಾಗ ಹೇಳುತ್ತಿದ್ದಾಳೆ ಎಂಬುದನ್ನೂ ಗೊತ್ತುಮಾಡಿಕೊಳ್ಳಿ: ಆ ವಾರಗಳಲ್ಲೇ ಹೇಳುವವಳ ದನಿಗೂ ಹತ್ತು ವರ್ಷಗಳ ನಂತರ ಹೇಳುವವಳ ದನಿಗೂ ಬಹಳ ಅಂತರವಿದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ಉತ್ತರವನ್ನು ಓದಿದ ದಿನ, ಅಕ್ಕನಿಗೆ ಏನು ಬೇಕು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ ಎಂಬುದು ತಿಳಿದು ನಿಜಕ್ಕೂ ದುಃಖವಾಯಿತು, 14 ತಿಂಗಳು ಅವಳ ಜೊತೆಗಿದ್ದೂ ಅದನ್ನು ಕೇಳಿರಲಿಲ್ಲವಲ್ಲ ಎಂದು. ಒಂದು ವಾರ ಬರೆಯದೆ ಇರಲು ನನ್ನಿಂದ ಆಗಲಿಲ್ಲ, ನಾಲ್ಕು ದಿನ ಇದ್ದೆ. ಐದನೆಯ ದಿನ ಬಾಗಿಲಿನಿಂದ ಆರಂಭಿಸಿ, ಹಿಂದಿರುಗಿ ಓದದೆ, ಒಂಬತ್ತು ಪುಟ ಬರೆದಿದ್ದೇನೆ. ಅಕ್ಕ ತಪ್ಪಿಸಿಕೊಂಡು ಓಡಾಡುವವಳು ಎಂದೇ ನಿರ್ಧರಿಸಿದ್ದೇನೆ. ಪ್ರಥಮ ಪುರುಷದಲ್ಲಿ, ಆದರೆ ಅವಳ ಬೆನ್ನ ಹಿಂದೆಯೇ ನಿಂತು ಬರೆಯುತ್ತಿದ್ದೇನೆ.

ಈಗ ಬೇರೊಂದು ತೊಡಕು ಎದುರಾಗಿದೆ, ಇದನ್ನು ನಾನು ನಿರೀಕ್ಷಿಸಿರಲೇ ಇಲ್ಲ. ಚಿಕ್ಕಂದಿನಲ್ಲಿ ತಮ್ಮನು ಅಕ್ಕನನ್ನು ‘ನೀನು’ ಎನ್ನುತ್ತಿದ್ದ. 11 ವರ್ಷಗಳ ನಂತರ ಬಾಗಿಲಲ್ಲಿ ನಿಂತು ಅವನು ಏನೆನ್ನಬೇಕು? ‘ನೀನು’ ಎಂದರೆ ಏನೂ ನಡೆದೇ ಇಲ್ಲವೆಂಬ ಸಲಿಗೆ ಬಂದುಬಿಡುತ್ತದೆ, ‘ನೀವು’ ಎಂದರೆ ಬೇಕೆಂದೇ ಚುಚ್ಚಿದ ಹಾಗಾಗುತ್ತದೆ. ತಂದೆಯನ್ನು ನಿರೂಪಣೆಯಲ್ಲಿ ‘ಅವರು’ ಎಂದು ಬರೆದರೆ ದೂರವಾಗುತ್ತಾರೆ, ‘ಅವನು’ ಎಂದು ಬರೆಯಲು ಕೈ ಬರುವುದಿಲ್ಲ. ಬರೆದ ಒಂಬತ್ತು ಪುಟಗಳಲ್ಲಿ ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಇದೆ.

ಉತ್ತರ 2 ಬರೆದವರಿಂದ

ಒಂಬತ್ತು ಪುಟಗಳ ಸುದ್ದಿ ಕೇಳಿ ಬಹಳ ಸಂತೋಷವಾಯಿತು. ನಾಲ್ಕೇ ದಿನಕ್ಕೆ ಕೈ ತಡೆಯಲಾಗಲಿಲ್ಲ ಎಂಬುದು ಇನ್ನೂ ಒಳ್ಳೆಯ ಸುದ್ದಿ.

ತಂದೆಯ ವಿಷಯ ಸುಲಭ. ನೀವು ಅಕ್ಕನ ಬೆನ್ನ ಹಿಂದೆ ನಿಂತಿದ್ದೀರಿ, ಆದ್ದರಿಂದ ಅವಳ ಮನಸ್ಸಿನಲ್ಲಿ ಅವರು ‘ಅಪ್ಪ’. ನಿರೂಪಣೆಯಲ್ಲೂ ‘ಅಪ್ಪ’ ಎಂದೇ ಕರೆಯಿರಿ, ಕ್ರಿಯಾಪದ ಏಕವಚನದಲ್ಲಿರಬೇಕೋ ಬಹುವಚನದಲ್ಲಿರಬೇಕೋ ಎಂಬುದನ್ನು ಅವಳು ಅವರನ್ನು ಹೇಗೆ ಕರೆಯುತ್ತಿದ್ದಳು ಎಂಬುದು ನಿರ್ಧರಿಸುತ್ತದೆ. ಒಮ್ಮೆ ಗೊತ್ತುಮಾಡಿದ ಮೇಲೆ ಕೊನೆಯವರೆಗೂ ಕಾಪಾಡಿಕೊಳ್ಳಿ.

‘ನೀನು’, ‘ನೀವು’ ವಿಷಯವನ್ನು ಮಾತ್ರ ತೊಡಕೆಂದು ಬೇಗ ಬಗೆಹರಿಸಿಬಿಡಬೇಡಿ. ನಿಮಗೆ ಯಾವುದನ್ನು ಬರೆಯಬೇಕೆಂದು ತಿಳಿಯದಿದ್ದರೆ ತಮ್ಮನಿಗೂ ಯಾವುದನ್ನು ಹೇಳಬೇಕೆಂದು ತಿಳಿಯದು. ನಮ್ಮ ಭಾಷೆಯಲ್ಲಿ ಸರ್ವನಾಮವನ್ನು ಬಿಟ್ಟರೂ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ. ‘ಬಂದೆಯಾ’ ಎಂದರೆ ಸಲಿಗೆ, ‘ಬಂದಿರಾ’ ಎಂದರೆ ದೂರ. ಆದರೆ ತಪ್ಪಿಸಿಕೊಳ್ಳುವ ದಾರಿಗಳೂ ಇವೆ. ‘ಯಾವಾಗ ಬಂದದ್ದು?’ ಎಂಬುದರಲ್ಲಿ ನೀನೂ ಇಲ್ಲ, ನೀವೂ ಇಲ್ಲ. ‘ಚೀಲ ಒಳಗಿಡುವುದೇ?’, ‘ಇನ್ನೂ ಮಲಗಿಲ್ಲವೇ?’, ‘ರಾತ್ರಿಯ ಮಾತ್ರೆ ಕೊಟ್ಟಾಯಿತೇ?’ ಎಂದು ಕೇಳುತ್ತಾ ಇಬ್ಬರೂ ದಿನಗಟ್ಟಲೆ ಒಬ್ಬರನ್ನೊಬ್ಬರು ಸಂಬೋಧಿಸದೆಯೇ ಮಾತನಾಡಬಲ್ಲರು, ಮುನಿಸಿಕೊಂಡವರು ನಿಜವಾಗಿಯೂ ಹಾಗೆಯೇ ಮಾತನಾಡುತ್ತಾರೆ. ತಪ್ಪಿಸಿಕೊಂಡು ಓಡಾಡುವ ಅಕ್ಕನ ಕಾದಂಬರಿಗೆ ಇದಕ್ಕಿಂತ ಹೊಂದುವ ಮಾತಿನ ರೀತಿ ನನಗೆ ಹೊಳೆಯುತ್ತಿಲ್ಲ. ಓದುಗ ಇದನ್ನು ಮೊದಲಿಗೆ ಗಮನಿಸುವುದಿಲ್ಲ, ಐವತ್ತು ಪುಟಗಳಾಗುವಾಗ ಅವನಿಗೆ ಏನೋ ಬಿಗಿಯಾದಂತೆ ಅನಿಸತೊಡಗುತ್ತದೆ.

ಬಳಿಕ ಯಾವುದೋ ಒಂದು ಗಳಿಗೆಯಲ್ಲಿ, ಬಹುಶಃ ತಂದೆಯನ್ನು ಎತ್ತಿ ಕೂರಿಸುವ ಆ ರಾತ್ರಿಯಲ್ಲಿ, ಅವಸರದಲ್ಲಿ, ತಮ್ಮನ ಬಾಯಿಂದ ‘ನೀನು ಆ ಕಡೆ ಹಿಡಿ’ ಎಂಬ ಮಾತು ಬಂದುಬಿಡಲಿ. ಅದು ಎಷ್ಟನೆಯ ಪುಟದಲ್ಲಿ ಬರುತ್ತದೆ ಎಂಬುದನ್ನು ಈಗಲೇ ಗೊತ್ತುಮಾಡಬೇಡಿ, ಅಲ್ಲಿಯವರೆಗೆ ಇಬ್ಬರಿಗೂ ಆ ಪದವನ್ನು ಕೊಡದೆ ಬರೆಯುತ್ತಾ ಹೋಗಿ. ಈಗಿರುವ ಒಂಬತ್ತು ಪುಟಗಳಲ್ಲಿನ ವ್ಯತ್ಯಾಸವನ್ನು ಬೇರೆ ಹಾಳೆಯಲ್ಲಿ ಗುರುತುಹಾಕಿಕೊಂಡು ಹಾಗೆಯೇ ಬಿಡಿ, ಹತ್ತನೆಯ ಪುಟದಿಂದ ಮುಂದುವರಿಸಿ.